ಅಂಕಿತನಾಮ ದರ್ಪಣಂ

ಪೀಠಿಕಾ ಪ್ರಕರಣ

ವಸ್ತುವಾಚಕ ನಾಮಪದ ಮೂರು ಬಗೆ ಎಂಬುದು ಕನ್ನಡ ಶಾಲೆಯ ವ್ಯಾಕರಣ ಓದಿದವರಿಗೆಲ್ಲ ಬಾಯಿಪಾಠ. ನದಿ, ಬೆಟ್ಟ, ಹುಡುಗ ರೂಢನಾಮ. ಕಾವೇರಿ, ನಂದಿಬೆಟ್ಟ, ರಾಮ ಅಂಕಿತನಾಮ. ವ್ಯಾಪಾರಿ, ವಿದ್ವಾಂಸ, ಜಿಪುಣ ಅನ್ವರ್ಥನಾಮ. ಲೋಕದ ಹೆಸರುಗಳೆಲ್ಲ ಈ ಮೂರರಲ್ಲಿ ಹಿಡಿಸುತ್ತವೆ ಎಂದು ಮೇಷ್ಟ್ರು ಬೆತ್ತ ಹಿಡಿದು ಸಾರಿದ್ದರಿಂದ ಯಾರೂ ಎದುರಾಡಲಿಲ್ಲ. ಆದರೆ ವಿಜ್ಞಾನ, ವೈದ್ಯ ಎಂಬ ಎರಡು ಸೀಮೆಗಳಲ್ಲಿ ಈ ವಿಭಾಗ ನಿಲ್ಲುವುದಿಲ್ಲ. ಪಾರ್ಕಿನ್ಸನ್ ಎಂಬುದು ಲಂಡನ್ನಿನ ಒಬ್ಬ ವೈದ್ಯನ ಅಂಕಿತನಾಮ. ಇಂದು ಅದು ಕೈ ನಡುಗುವ ಕಾಯಿಲೆ. ವೋಲ್ಟಾ ಇಟಲಿಯ ಒಬ್ಬ ಗೃಹಸ್ಥ. ಇಂದು ಆತ ಕೊನೆಯ ಅಕ್ಷರ ಕಳೆದುಕೊಂಡು ನಮ್ಮ ಮನೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಆಗಿ ಕುಳಿತಿದ್ದಾನೆ. ವ್ಯಕ್ತಿ ಹೋಗಿ ವಸ್ತುವಾದ, ವಸ್ತು ಹೋಗಿ ವ್ಯಾಧಿಯಾದ ಈ ಹೆಸರುಗಳಿಗೆ ಬೇರೆ ಶಾಸ್ತ್ರವೇ ಬೇಕು. ಹಳಗನ್ನಡದ ವೈಯಾಕರಣ ಕೇಶಿರಾಜನ ಕಾಲಕ್ಕೆ ಇವು ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಆತನನ್ನು ದೂರುವಂತಿಲ್ಲ.

ಯಾವ ಶಾಸ್ತ್ರವಾದರೂ ಮೊದಲು ನಾಲ್ಕು ಮಾತು ಹೇಳಬೇಕು. ವಿಷಯ: ಮನುಷ್ಯರ ಹೆಸರು ಹೊತ್ತ ಕಾಯಿಲೆ, ಮೂಲಮಾನ, ಸೂತ್ರ, ಸೂಕ್ಷ್ಮಾಣು, ಸಸ್ಯ, ಕಪ್ಪೆ ಇತ್ಯಾದಿ. ಪ್ರಯೋಜನ: ಲ್ಯಾಬ್ ರಿಪೋರ್ಟಿನಲ್ಲಿ ಅಪರಿಚಿತ ಜರ್ಮನನ ಹೆಸರು ಕಂಡು ಗಾಬರಿಯಾಗದಿರುವುದು. ಸಂಬಂಧ: ಹೆಸರಿಗೂ ವಸ್ತುವಿಗೂ ಇದೆಯೆಂದು ತೋರುವ, ಹುಡುಕಹೊರಟರೆ ಬಹುಪಾಲು ಸಿಗದ ನಂಟು. ಅಧಿಕಾರಿ: ಪಿಯುಸಿ ಪ್ರಯೋಗಾಲಯದಲ್ಲಿ ಒಮ್ಮೆಯಾದರೂ ರೀಡಿಂಗ್ ‘ಹೊಂದಿಸಿ’ ಬರೆದ ಯಾರಾದರೂ ಈ ಗ್ರಂಥವನ್ನು ಓದಬಹುದು.

ಪರಿಭಾಷಾ ಪ್ರಕರಣ

ಸೂತ್ರ: ಹೆಸರು ಇಟ್ಟುಕೊಳ್ಳುವಂಥದ್ದಲ್ಲ, ಇಡಿಸಿಕೊಳ್ಳುವಂಥದ್ದು.

ವೃತ್ತಿ: ನಮ್ಮ ವಚನಕಾರರು ವಚನದ ಕೊನೆಗೆ ತಮ್ಮ ಹೆಸರು ಬರೆಯದೆ ಇಷ್ಟದೈವದ ಅಂಕಿತ ಹಾಕಿದರು. ವಿಜ್ಞಾನಿಗೂ ತನ್ನ ಶೋಧಕ್ಕೆ ತನ್ನದೇ ಅಂಕಿತ ಹಾಕಿಕೊಳ್ಳುವ ಹಕ್ಕಿಲ್ಲ. ಕಾನೂನು ಅಡ್ಡ ಬರುವುದಿಲ್ಲ. ಮರ್ಯಾದೆ ಅಡ್ಡ ಬರುತ್ತದೆ. ಹಾಗಾಗಿ ಯಾರಾದರೂ ಇನ್ನೊಬ್ಬರು ಇಡಬೇಕು. ತೊಟ್ಟಿಲ ಶಾಸ್ತ್ರದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವವಳು ತಾಯಿಯಲ್ಲ, ಸೋದರತ್ತೆ. ಆಕೆ ಉಸುರಿದ್ದೇ ಕೊನೆ. ಮಗು ಆಮೇಲೆ ಅತ್ತರೂ ಪ್ರಯೋಜನವಿಲ್ಲ. ಆದ್ದರಿಂದ ಈ ಶಾಸ್ತ್ರದಲ್ಲಿ ಹೆಸರಿಟ್ಟವರನ್ನು ಗಂಡಾಗಲಿ ಹೆಣ್ಣಾಗಲಿ ‘ಸೋದರತ್ತೆ’ ಎಂದೂ ಹೆಸರು ಹೊತ್ತವರನ್ನು ‘ನಾಮಿ’ ಎಂದೂ ಕರೆಯಲಾಗುವುದು. ನಾಮಿ ಯಾರೆಂದು ಜಗತ್ತಿಗೆಲ್ಲ ಗೊತ್ತು. ಸೋದರತ್ತೆ ಯಾರೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅರ್ಧ ಗುಟ್ಟು ರಟ್ಟಾಗುತ್ತದೆ ಎಂಬುದೇ ಈ ದರ್ಪಣದ ಪ್ರತಿಜ್ಞೆ.

ಒಂದನೆಯದು: ಅನ್ವರ್ಥ ವರ್ಗ

ಸೂತ್ರ: ಮಾಡಿದವರ ಹೆಸರೇ ಮಾಡಿದ್ದಕ್ಕೆ ಬಂದರೆ ಅನ್ವರ್ಥ, ಅದು ಅಪರೂಪ.

ಉದಾಹರಣೆಗೆ ರಾಮನ್ ಪರಿಣಾಮ. 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಸಿ.ವಿ. ರಾಮನ್ ಖಚಿತಪಡಿಸಿಕೊಂಡ, ಬೆಳಕಿನ ಚದುರಿಕೆಯ ಸಂಗತಿಯನ್ನು ಅದೇ ಮಾರ್ಚ್ 16ರಂದು ಬೆಂಗಳೂರಿನಲ್ಲಿ ವಿಸ್ತಾರವಾಗಿ ಉಪನ್ಯಾಸ ಮಾಡಿ ಹೇಳಿದರು. ಅವರು ಅದನ್ನು ಕರೆದದ್ದು ‘ಹೊಸ ವಿಕಿರಣ’ ಎಂದು ಮಾತ್ರ. ‘ರಾಮನ್ ಪರಿಣಾಮ’ ಎಂದು ಶೀರ್ಷಿಕೆಯಲ್ಲೇ ಬರೆದು ಹರಡಿದ ಸೋದರತ್ತೆ ಜರ್ಮನಿಯ ಪೀಟರ್ ಪ್ರಿಂಗ್ಸ್‌ಹೈಮ್. ಎರಡು ವರ್ಷದಲ್ಲಿ ನೊಬೆಲ್ ಬಂತು.

ಪೂರ್ವಪಕ್ಷ: ಪ್ರಯೋಗದುದ್ದಕ್ಕೂ ಜೊತೆಗಿದ್ದ ಕೆ.ಎಸ್. ಕೃಷ್ಣನ್ ಎಲ್ಲಿ ಹೋದರು? ಅದೇ ದಿನಗಳಲ್ಲಿ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರಲ್ಲ? ಸಿದ್ಧಾಂತ: ನಿಜ. ರಷ್ಯನ್ನರು ಇಂದಿಗೂ ಇದನ್ನು ‘ಸಂಯೋಜನಾ ಚದುರಿಕೆ’ ಎಂಬರ್ಥದ ಬೇರೆ ಹೆಸರಿನಿಂದ ಕರೆಯುತ್ತಾರೆ. ಗಡಿ ದಾಟಿದರೆ ಅನ್ವರ್ಥವೂ ಅನ್ವರ್ಥವಾಗಿ ಉಳಿಯುವುದಿಲ್ಲ.

ಕಲಬೆರಕೆಯಿಲ್ಲದ ಉದಾಹರಣೆ ಬೇಕೆಂದರೆ ನಾಸಿಕದ ಹತ್ತಿರದ ದೇವಳಾಲಿಗೆ ಹೋಗಬೇಕು. ಅಲ್ಲಿನ ಶಾಲಾ ಮೇಷ್ಟ್ರು ಡಿ.ಆರ್. ಕಾಪ್ರೇಕರ್ ಅವರಿಗೆ ಮೇಲಧಿಕಾರಿಯ ಪ್ರಯೋಗಾಲಯವೂ ಇರಲಿಲ್ಲ, ಶಿಷ್ಯಪಡೆಯೂ ಇರಲಿಲ್ಲ, ಇದ್ದದ್ದು ಅಂಕಿಗಳು. ನಾಲ್ಕಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು ಅಷ್ಟೆ. 3524 ಎನ್ನೋಣ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಏರಿಕೆಯದನ್ನು ಕಳೆಯಿರಿ: 5432ರಲ್ಲಿ 2345 ಹೋದರೆ 3087. ಮತ್ತೆ 8730ರಲ್ಲಿ 0378 ಹೋದರೆ 8352. ಮತ್ತೆ 8532ರಲ್ಲಿ 2358 ಹೋದರೆ 6174. ಇನ್ನು ಎಷ್ಟು ಕಳೆದರೂ 6174 ಬಿಟ್ಟು ಬೇರೆ ಬರದು. ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬಂದು ಸೇರುತ್ತೇವೆ. ಇದು ಕಾಪ್ರೇಕರ್ ಸ್ಥಿರಾಂಕ. ಇದರ ಮೇಲೆ ತಂಟೆ ತಕರಾರು ಹೂಡಿದವರಿಲ್ಲ.

ಪ್ರಾಣಾರ್ಪಣ ಉಪವರ್ಗ: ಹೆಸರಿನ ಬೆಲೆಯನ್ನು ಮುಂಗಡವಾಗಿ ಕಟ್ಟಿದವರು. ಪೆರು ದೇಶದ ವೈದ್ಯ ವಿದ್ಯಾರ್ಥಿ ಡೇನಿಯಲ್ ಕಾರಿಯನ್ 1885ರಲ್ಲಿ ಒಬ್ಬ ರೋಗಿಯ ಚರ್ಮದ ಗಂಟಿನ ರಸವನ್ನು ತನ್ನ ತೋಳಿಗೆ ಚುಚ್ಚಿಸಿಕೊಂಡ. ಕೆಲವೇ ವಾರಗಳಲ್ಲಿ ಓರೊಯಾ ಜ್ವರ ಬಂದು ಸತ್ತ. ಬೇರೆಬೇರೆ ಎಂದುಕೊಂಡಿದ್ದ ಎರಡು ಕಾಯಿಲೆ ಒಂದೇ ಎಂದು ಅವನ ಸಾವು ತೋರಿಸಿತು. ಕಾಯಿಲೆ ಕಾರಿಯನ್ ಕಾಯಿಲೆಯಾಯಿತು. ಟೈಫಸ್ ಜ್ವರ ತರುವ ಜೀವಾಣುವಿನ ಹೆಸರು ರಿಕೆಟ್ಸಿಯಾ ಪ್ರೊವಜೆಕಿ. ಹೊವರ್ಡ್ ರಿಕೆಟ್ಸ್ ಆ ಜ್ವರವನ್ನು ಅಭ್ಯಾಸ ಮಾಡುತ್ತಲೇ 1910ರಲ್ಲಿ ಅದರಿಂದ ಸತ್ತ; ಸ್ಟಾನಿಸ್ಲಾಸ್ ಪ್ರೊವಜೆಕ್ 1915ರಲ್ಲಿ. ಇಬ್ಬರ ಹೆಸರನ್ನೂ ಜೋಡಿಸಿದ ಸೋದರತ್ತೆ ಬ್ರೆಜಿಲ್ಲಿನ ಡ ರೋಷಾ ಲಿಮಾ. ಪ್ರೊವಜೆಕ್ ಜೊತೆ ದುಡಿಯುತ್ತ ಆತನಿಗೂ ಅದೇ ಜ್ವರ ಬಂದಿತ್ತು. ಬದುಕಿ ಉಳಿದದ್ದರಿಂದ ಹೆಸರಿಡುವ ಪಾಳಿ ಆತನದಾಯಿತು. ಈ ಉಪವರ್ಗದ ಮೇಲೆ ಶಾಸ್ತ್ರಕಾರನ ಹಾಸ್ಯ ನಡೆಯುವುದಿಲ್ಲ, ಮುಂದೆ ಹೋಗೋಣ.

ಎರಡನೆಯದು: ಅತ್ತೆಪ್ರಧಾನ ವರ್ಗ

ಸೂತ್ರ: ಸೋದರತ್ತೆ ಗಟ್ಟಿಗಿತ್ತಿಯಾದರೆ ನಾಮಿ ಚಿರಂಜೀವಿ.

1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಎಂಬ ಲಂಡನ್ ವೈದ್ಯ ‘ನಡುಗುವ ಲಕ್ವ’ದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಅವನ ಇಡೀ ಪುಸ್ತಕದಲ್ಲಿರುವುದು ಆರು ರೋಗಿಗಳು. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು, ಇನ್ನೊಬ್ಬನನ್ನು ದೂರದಿಂದ ನೋಡಿದ್ದಷ್ಟೇ. ಇಂದು ಇಂಥ ಪ್ರಬಂಧ ಕಳಿಸಿದರೆ ಯಾವ ವೈದ್ಯ ಪತ್ರಿಕೆಯೂ ಸ್ವೀಕೃತಿ ಪತ್ರವನ್ನೂ ಕಳಿಸದು. ಆದರೂ ಆರು ಜನರ ನಡಿಗೆಯಲ್ಲಿ ಅವನು ಕಂಡದ್ದು ಸರಿಯಾಗಿತ್ತು. ಪುಸ್ತಕ ಅರ್ಧ ಶತಮಾನ ತಣ್ಣಗೆ ಮಲಗಿತು. ಆಮೇಲೆ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಷಾರ್ಕೋ, ಇದನ್ನು ಪಾರ್ಕಿನ್ಸನ್ ಕಾಯಿಲೆ ಎನ್ನತಕ್ಕದ್ದು ಎಂದ. ಷಾರ್ಕೋ ಎಂದರೆ ಆ ಕಾಲದ ನರವೈದ್ಯಕ್ಕೆ ಸರ್ವಾಧ್ಯಕ್ಷ, ಯುರೋಪು ತಲೆಯಾಡಿಸಿತು. ತಡೆಯಿಲ್ಲದೆ ಮೈ ಕುಣಿದು ಮಾತು ಜಾರುವ ಕಾಯಿಲೆಗೆ ತನ್ನ ಶಿಷ್ಯ ಜಿಲ್ ಡ ಲಾ ಟೂರೆಟ್‌ನ ಹೆಸರು ಬರುವಂತೆ ಮಾಡಿದವನೂ ಅವನೇ. ಒಂದೇ ಅತ್ತೆ, ತೊಟ್ಟಿಲು ಹಲವು.

ಆಲ್ಝೈಮರ್ ಕತೆಯೂ ಇದೇ. 1906ರಲ್ಲಿ ಟ್ಯೂಬಿಂಗೆನ್ ಸಭೆಯಲ್ಲಿ ಆಲೋಯ್ಸ್ ಆಲ್ಝೈಮರ್ ತನ್ನ ರೋಗಿಯೊಬ್ಬಳ ಮಿದುಳಿನ ಬಗ್ಗೆ ಮಾತಾಡಿ ಮುಗಿಸಿದಾಗ ಸಭಿಕರಿಂದ ಒಂದು ಪ್ರಶ್ನೆಯೂ ಬರಲಿಲ್ಲ. ನಾಲ್ಕು ವರ್ಷದ ಮೇಲೆ ಅವನ ಮುಖ್ಯಸ್ಥ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ‘ಆಲ್ಝೈಮರ್ ಕಾಯಿಲೆ’ ಎಂದು ಬರೆದ. ಪ್ರಶ್ನೆ ಕೇಳದವರೆಲ್ಲ ಅದನ್ನು ಪಾಠವಾಗಿ ಓದಿದರು.

ಇದರ ಫಲಿತಾರ್ಥ: ಶೋಧಿಸಿದ್ದರೆ ಸಾಲದು, ಪಠ್ಯಪುಸ್ತಕ ಬರೆಯುವವರ ಕಣ್ಣಿಗೆ ಬಿದ್ದಿರಬೇಕು.

ಮೂರನೆಯದು: ಯಜಮಾನ ವರ್ಗ

ಸೂತ್ರ: ಉತ್ತವನೊಬ್ಬ, ಪಹಣಿಯಲ್ಲಿ ಮತ್ತೊಬ್ಬ.

ಸಾಲ್ಮೊನೆಲ್ಲಾ ಎಂದರೆ ಕೆಟ್ಟ ಊಟದ ಮೂಲಕ ಹೊಟ್ಟೆ ಕೆಡಿಸುವ, ಟೈಫಾಯಿಡ್ ತರುವ ಜೀವಾಣು ಕುಲ. ಹೆಸರು ಕೇಳಿ ಸಾಲ್ಮನ್ ಮೀನಿನ ಮೇಲೆ ಅನುಮಾನ ಪಡುವವರುಂಟು. ಮೀನು ನಿರಪರಾಧಿ. ಅಮೆರಿಕದ ಕೃಷಿ ಇಲಾಖೆಯ ಪಶು ವಿಭಾಗದ ಮುಖ್ಯಸ್ಥ ಡೇನಿಯಲ್ ಸಾಲ್ಮನ್. ಅವನ ಕೈಕೆಳಗೆ ಸೂಕ್ಷ್ಮದರ್ಶಕದ ಮುಂದೆ ಕೂತು 1885ರಲ್ಲಿ ಹಂದಿಗಳಲ್ಲಿ ಆ ಜೀವಾಣುವನ್ನು ಕಂಡವನು ಥಿಯೋಬಾಲ್ಡ್ ಸ್ಮಿತ್. ಹಂದಿ ಕಾಲರಾಕ್ಕೆ ಇದೇ ಕಾರಣ ಎಂದು ಇಬ್ಬರೂ ನಂಬಿದರು. ಮುಂದೆ ಆ ಕಾಯಿಲೆಗೆ ಕಾರಣ ವೈರಸ್ ಎಂದು ಗೊತ್ತಾಯಿತು. 1900ರಲ್ಲಿ ಲಿನ್ಯೇರ್ ಎಂಬ ಫ್ರೆಂಚ್ ಅತ್ತೆ ಕುಲಕ್ಕೆ ಯಜಮಾನನ ಹೆಸರಿಟ್ಟ. ಹೀಗೆ, ತಪ್ಪು ಕಾಯಿಲೆಯ ತನಿಖೆಯಲ್ಲಿ, ಬೇರೊಬ್ಬ ಕಂಡ ಜೀವಾಣುವಿಗೆ, ಮೂರನೆಯವನೊಬ್ಬ ಮೇಲಧಿಕಾರಿಯ ಹೆಸರಿಟ್ಟದ್ದರಿಂದ ಇದು ಈ ವರ್ಗದ ಆದರ್ಶ ಉದಾಹರಣೆ. ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದ್ವಾರಪಾಲಕ ಉಪವರ್ಗ: ವ್ಯಕ್ತಿಯೊಬ್ಬನ ಹೆಸರಿನ ಜಾಡು ಹಿಡಿದ ಮೊದಲ ಮೂಲವಸ್ತು ಸಮೇರಿಯಂ, 1879ರದ್ದು. ನ್ಯೂಟನ್ನನೋ ಗೆಲಿಲಿಯೋನೋ ಇರಬೇಕೆಂದು ಊಹಿಸಿದರೆ ಕೆಟ್ಟೆವು. ಆ ವ್ಯಕ್ತಿ ರಷ್ಯದ ಗಣಿ ಅಧಿಕಾರಿ ಸಮಾರ್ಸ್ಕಿ. ಯಾರೋ ಕೇಳಿದಾಗ ಖನಿಜದ ಮಾದರಿ ನೋಡಲು ಒಪ್ಪಿಗೆ ಕೊಟ್ಟಿದ್ದ. ಖನಿಜಕ್ಕೆ ಅವನ ಹೆಸರು ಬಂತು, ಖನಿಜದಿಂದ ಮೂಲವಸ್ತುವಿಗೆ. ಆವರ್ತ ಕೋಷ್ಟಕವನ್ನೇ ಕಟ್ಟಿಕೊಟ್ಟ ಮೆಂಡಲೀವ್ ಆ ಕೋಷ್ಟಕದಲ್ಲಿ ತನ್ನ ಹೆಸರಿನ ಮನೆಗಾಗಿ 1955ರವರೆಗೆ, ಅಂದರೆ ಸತ್ತು ಸುಮಾರು ಐವತ್ತು ವರ್ಷ ಕಾಯಬೇಕಾಯಿತು. ಕೊಟ್ಟದ್ದು 101ನೇ ಮನೆ. ಬೀಗದ ಕೈ ಕೊಟ್ಟವನು 62ರಲ್ಲಿ ಹಾಯಾಗಿದ್ದಾನೆ.

ನಾಲ್ಕನೆಯದು: ಪಂಗನಾಮ ವರ್ಗ

ಸೂತ್ರ: ಒಬ್ಬನ ಹೆಸರು ಇನ್ನೊಬ್ಬನ ಹಣೆಗೆ ನಾಮ.

ಗ್ರಂಥದ ಅತಿ ದೊಡ್ಡ ವರ್ಗ ಇದು. ‘ಪೆಲ್ ಸಮೀಕರಣ’ವನ್ನು ನೋಡಿ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ಸಂಖ್ಯೆಯ ವರ್ಗವೇ ಬರಬೇಕು. ಅಂಥ ಪೂರ್ಣಾಂಕ ಯಾವುದು? 1657ರಲ್ಲಿ ಫ್ರಾನ್ಸಿನ ಫರ್ಮಾ ಈ ಲೆಕ್ಕವನ್ನು ಸವಾಲಾಗಿ ಹರಿಬಿಟ್ಟ. ಅವನಿಗಿಂತ ಐನೂರು ವರ್ಷ ಮುಂಚೆ, 1150ರಲ್ಲಿ, ಭಾಸ್ಕರಾಚಾರ್ಯ ಚಕ್ರವಾಲ ವಿಧಾನದಿಂದ ಇದೇ 61ರ ಲೆಕ್ಕ ಬಿಡಿಸಿ ಉತ್ತರ ಬರೆದಿಟ್ಟಿದ್ದ. ಅತಿ ಚಿಕ್ಕ ಉತ್ತರವೇ 22,61,53,980 ಮತ್ತು 1,76,63,19,049. ಈ ಬಗೆಯ ಸಮೀಕರಣಕ್ಕೆ ಅವನಿಗೂ ಹಿಂದೆ, 628ರಲ್ಲಿ, ಬ್ರಹ್ಮಗುಪ್ತ ಬುನಾದಿ ಹಾಕಿದ್ದ. ಯುರೋಪಿನಲ್ಲಿ ಇದರ ವಿಧಾನ ಕಂಡುಕೊಂಡವನು ಇಂಗ್ಲೆಂಡಿನ ಲಾರ್ಡ್ ಬ್ರೌಂಕರ್. ಹಾಗಾದರೆ ಪೆಲ್ ಯಾರು? ಆಯ್ಲರ್ ಎಂಬ ಮಹಾಗಣಿತಜ್ಞನಿಗೆ ಬ್ರೌಂಕರನ ಕೆಲಸ ಜಾನ್ ಪೆಲ್‌ನದೆಂದು ತಪ್ಪಾಗಿ ನೆನಪಾಯಿತು, ಅಷ್ಟೆ. ಅತ್ತೆ ಪಕ್ಕದ ತೊಟ್ಟಿಲಿಗೆ ಬಾಗಿ ಉಸುರಿದಳು. ಬ್ರಹ್ಮಗುಪ್ತ, ಭಾಸ್ಕರ, ಬ್ರೌಂಕರ್ ಮೂವರ ಹಣೆಗೂ ಒಂದೇ ಏಟಿಗೆ ನಾಮ ಬಿತ್ತು.

ಫಿಬೊನಾಚಿ ಸಂಖ್ಯೆಗಳದ್ದು ನಮ್ಮ ಛಂದಸ್ಸಿಗೆ ತೀರ ಹತ್ತಿರದ ಪ್ರಕರಣ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಯನ್ನು ತುಂಬುವ ಬಗೆ 1. ಎರಡಕ್ಕೆ 2: ಎರಡು ಲಘು, ಇಲ್ಲವೇ ಒಂದು ಗುರು. ಭಾಮಿನಿ ಷಟ್ಪದಿಯ ಮೂರು ಮಾತ್ರೆಯ ಗಣಕ್ಕೆ ಪ್ರಸ್ತಾರ ಹಾಕಿದರೆ 3 ರೂಪ, ನಾಲ್ಕು ಮಾತ್ರೆಯದಕ್ಕೆ 5; ವಾರ್ಧಕದ ಐದು ಮಾತ್ರೆಯದಕ್ಕೆ 8. ಕೊನೆಯಲ್ಲಿ ಲಘು ಬಂದರೆ ಉಳಿದದ್ದು ಒಂದು ಮಾತ್ರೆ ಕಡಿಮೆ, ಗುರು ಬಂದರೆ ಎರಡು ಕಡಿಮೆ. ಆದ್ದರಿಂದ ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ವಿರಹಾಂಕ, ಹೇಮಚಂದ್ರ ಎಂಬ ಛಂದಶ್ಶಾಸ್ತ್ರಜ್ಞರು ಇದನ್ನು ಹೇಳಿ ಮುಗಿಸಿದ ಮೇಲೆ, 1202ರಲ್ಲಿ, ಪೀಸಾದ ಲಿಯೊನಾರ್ಡೊ ಮೊಲದ ಜೋಡಿಗಳ ಲೆಕ್ಕವಾಗಿ ಇದನ್ನು ತನ್ನ ಪುಸ್ತಕಕ್ಕೆ ಸೇರಿಸಿದ. ಹತ್ತೊಂಬತ್ತನೇ ಶತಮಾನದಲ್ಲಿ ಎದ್ವಾರ್ ಲುಕಾ ಎಂಬ ಅತ್ತೆ ಅವಕ್ಕೆ ಫಿಬೊನಾಚಿ ಎಂದು ಹೆಸರಿಟ್ಟ. ಕವಿಗಳ ಲೆಕ್ಕ ಮೊಲಗಳ ಪಾಲಾಯಿತು.

ಇದು ಭಾರತದವರಿಗೆ ಮಾತ್ರ ಆದ ಅನ್ಯಾಯವೆಂದು ಎದೆ ಬಡಿದುಕೊಳ್ಳುವುದು ಬೇಡ. ಪಿಯುಸಿ ಪ್ರಯೋಗಾಲಯದ ವೀಟ್‌ಸ್ಟೋನ್ ಸೇತುವೆಯನ್ನು 1833ರಲ್ಲಿ ರೂಪಿಸಿದವನು ಸ್ಯಾಮ್ಯುಯೆಲ್ ಕ್ರಿಸ್ಟಿ. ಹತ್ತು ವರ್ಷದ ಮೇಲೆ ವೀಟ್‌ಸ್ಟೋನ್ ಅದನ್ನು ಬಳಕೆಗೆ ತಂದಾಗ ಇದು ಕ್ರಿಸ್ಟಿಯದು ಎಂದು ಸ್ಪಷ್ಟವಾಗಿಯೇ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವೊಗಾಡ್ರೊ ಸಂಖ್ಯೆ ಎಷ್ಟೆಂದು ಅವೊಗಾಡ್ರೊಗೆ ಗೊತ್ತೇ ಇರಲಿಲ್ಲ. ಅವನು 1856ರಲ್ಲಿ ತೀರಿಕೊಂಡ, ಆ ಹೆಸರನ್ನು 1909ರಲ್ಲಿ ಇಟ್ಟವನು ಝಾನ್ ಪೆರಾನ್.

ಈ ವರ್ಗಕ್ಕೆ ಪಶ್ಚಿಮದಲ್ಲೂ ಒಂದು ಸೂತ್ರವಿದೆ. ಯಾವ ವೈಜ್ಞಾನಿಕ ಶೋಧಕ್ಕೂ ಅದರ ಮೂಲ ಶೋಧಕನ ಹೆಸರು ಬರುವುದಿಲ್ಲ ಎಂಬುದು ಸ್ಟಿಗ್ಲರ್ ನಿಯಮ. ಸಂಖ್ಯಾಶಾಸ್ತ್ರಜ್ಞ ಸ್ಟೀಫನ್ ಸ್ಟಿಗ್ಲರ್ 1980ರಲ್ಲಿ ಇದನ್ನು ಮಂಡಿಸುವಾಗಲೇ, ಇದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಹೇಳಿದ್ದು ಎಂದು ಸೇರಿಸಿದರು. ನಿಯಮ ತನ್ನನ್ನೇ ಪಾಲಿಸಿದ ಅಪೂರ್ವ ಪ್ರಸಂಗವಿದು.

ಪ್ರಾಯಶ್ಚಿತ್ತ ಉಪವರ್ಗ: ತಡವಾಗಿಯಾದರೂ ನಾಮ ಒರೆಸುವ ಪ್ರಯತ್ನಗಳು. ವಿಶ್ವ ಹಿಗ್ಗುತ್ತಿರುವ ನಿಯಮಕ್ಕೆ ಹಬಲ್ ಹೆಸರಿನ ಜೊತೆ, ಅದನ್ನು ಎರಡು ವರ್ಷ ಮುಂಚೆ ಬರೆದ ಬೆಲ್ಜಿಯಂನ ಪಾದ್ರಿ ಲೆಮೆತ್ರ್ ಹೆಸರನ್ನೂ ಸೇರಿಸಿ ಎಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ಮತ ಹಾಕಿ ಶಿಫಾರಸು ಮಾಡಿತು. ಪರಮಾಣು ವಿದಳನದ ಅರ್ಥ ಬಿಡಿಸಿದ ಲೀಸೆ ಮೈಟ್ನರ್‌ಗೆ ನೊಬೆಲ್ ತಪ್ಪಿ, ಜೊತೆಗಾರ ಆಟೊ ಹಾನ್ ಒಬ್ಬನಿಗೇ ಬಂತು. 1997ರಲ್ಲಿ 109ನೇ ಮೂಲವಸ್ತು ಮೈಟ್ನೇರಿಯಂ ಎಂದು ಅಧಿಕೃತವಾಯಿತು. ಹಾನಿಯಂ ಎಂಬ ಹೆಸರು ಸೂಚನೆಗೆ ಬಂದು ಬಿದ್ದುಹೋಯಿತು.

ಐದನೆಯದು: ರೋಗಿ ವರ್ಗ

ಸೂತ್ರ: ಅನುಭವಿಸಿದವರಿಗೂ ಒಮ್ಮೊಮ್ಮೆ ಅಂಕಿತ ಸಲ್ಲುತ್ತದೆ.

ಕಾಯಿಲೆಯನ್ನು ನೋಡಿದವನ ಹೆಸರಿಡುವುದು ವಾಡಿಕೆ, ಹೊತ್ತವನದಲ್ಲ. ಆಲ್ಝೈಮರನ ರೋಗಿಯನ್ನು ಜಗತ್ತು ಬಹುಕಾಲ ಬಲ್ಲದ್ದು ‘ಆಗಸ್ಟ್ ಡಿ.’ ಎಂಬ ಅರ್ಧ ಹೆಸರಿನಿಂದ. ಆದರೂ ಅಪವಾದಗಳಿವೆ. ಹಿಮೋಫಿಲಿಯಾದ ಎರಡನೇ ಬಗೆಗೆ ಕ್ರಿಸ್‌ಮಸ್ ಕಾಯಿಲೆ ಎಂದು ಹೆಸರು. ಹಬ್ಬದ ದಿನ ಬರುವ ಕಾಯಿಲೆಯಲ್ಲ. ಸ್ಟೀಫನ್ ಕ್ರಿಸ್‌ಮಸ್ ಎಂಬ ಐದು ವರ್ಷದ ಹುಡುಗನ ಹೆಸರು. ಲಂಡನ್ನಿನ ವೈದ್ಯ ಪತ್ರಿಕೆಯೊಂದು ಈ ಕಾಯಿಲೆಯನ್ನು ವಿವರಿಸಿದ ಲೇಖನವನ್ನು 1952ರ ಕ್ರಿಸ್‌ಮಸ್ ವಾರದ ಸಂಚಿಕೆಯಲ್ಲೇ ಅಚ್ಚು ಹಾಕಿತು. ಹುಡುಗ ಬೆಳೆದು, ರಕ್ತದಾನದ ಸುರಕ್ಷತೆಗಾಗಿ ಹೋರಾಡಿ, ಪಡೆದ ರಕ್ತದಿಂದಲೇ ಏಡ್ಸ್ ತಗುಲಿ 1993ರಲ್ಲಿ ತೀರಿಕೊಂಡ.

ಹಾಗೆಮನ್ ಅಂಶ ಎಂಬುದು ರಕ್ತ ಹೆಪ್ಪುಗಟ್ಟಿಸುವ ಹನ್ನೆರಡನೇ ಅಂಶ. ಜಾನ್ ಹಾಗೆಮನ್ ಅಮೆರಿಕದ ರೈಲ್ವೆ ನೌಕರ. ಶಸ್ತ್ರಚಿಕಿತ್ಸೆಗೆ ಮುನ್ನ ಪರೀಕ್ಷಿಸಿದರೆ ಅವನ ರಕ್ತ ಗಾಜಿನ ನಳಿಕೆಯಲ್ಲಿ ಎಷ್ಟು ಹೊತ್ತಾದರೂ ಹೆಪ್ಪುಗಟ್ಟಲೊಲ್ಲದು. ಮೈಯಲ್ಲಿ ಮಾತ್ರ ರಕ್ತಸ್ರಾವದ ತೊಂದರೆಯೇ ಇಲ್ಲ. ಅವನಲ್ಲಿ ಇಲ್ಲದ ವಸ್ತುವಿಗೆ ಅವನದೇ ಹೆಸರಿಟ್ಟರು. 1968ರಲ್ಲಿ ಬಿದ್ದು ಮೂಳೆ ಮುರಿದುಕೊಂಡ ಮೇಲೆ ಅವನು ಸತ್ತದ್ದು ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸಿಕ್ಕಿಕೊಂಡು. ನಳಿಕೆಗೆ ಗೊತ್ತಿದ್ದದ್ದು ಮೈಗೆ ಗೊತ್ತಿರಲಿಲ್ಲ.

ಹೀಲಾ ಕೋಶಗಳು ಈ ವರ್ಗದ ಕಪ್ಪು ಪುಟ. 1951ರಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗೆಡ್ಡೆಯಿಂದ ಒಪ್ಪಿಗೆ ಕೇಳದೆ ತೆಗೆದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಹೆಸರಿನಿಂದ ಎರಡೆರಡು ಅಕ್ಷರ ಮಾತ್ರ ಉಳಿಸಿಕೊಂಡರು. ಕೇಳಿದವರಿಗೆ ಬಹುಕಾಲ ‘ಹೆಲೆನ್ ಲೇನ್’ ಎಂಬ ಸುಳ್ಳು ಹೆಸರು ಹೇಳಿದರು. ಕೋಶಗಳ ಸಂಗತಿ ಮನೆಯವರಿಗೆ ತಿಳಿದದ್ದು 1970ರ ದಶಕದಲ್ಲಿ.

ಆರನೆಯದು: ಸಸ್ಯಮಂಡೂಕ ವರ್ಗ

ಸೂತ್ರ: ಗಿಡಕ್ಕೆ ಇಟ್ಟ ಹೆಸರಿನಲ್ಲಿ ಪ್ರೀತಿಯೂ ಇರಬಹುದು, ಸೇಡೂ ಇರಬಹುದು.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಸೋದರತ್ತೆಯರಿಗೆಲ್ಲ ಹಿರಿಯತ್ತೆ. ಮಳೆಗಾಲದಲ್ಲಿ ಹೊಲದ ಬದುವಿನಿಂದ ಕಿತ್ತು ತಂದು ಬೆರಕೆ ಸೊಪ್ಪಿನ ಸಾರಿಗೆ ಹಾಕುವ ಕನ್ನೆ ಸೊಪ್ಪನ್ನು ಒಮ್ಮೆ ಹೂ ಬಿಟ್ಟಾಗ ನೋಡಿ. ಎರಡು ನೀಲಿ ದಳ ಎದ್ದು ಕಾಣುತ್ತವೆ. ಮೂರನೆಯದು ಕೆಳಗೆ, ಸಣ್ಣಗೆ. ಅದರ ಕುಲನಾಮ ಕೊಮ್ಮೆಲೈನಾ. ಹಾಲೆಂಡಿನ ಕೊಮ್ಮೆಲಿನ್ ಮನೆತನದಲ್ಲಿ ಮೂವರು ಸಸ್ಯಶಾಸ್ತ್ರದ ಕಡೆ ಒಲಿದವರು. ಇಬ್ಬರು ಹೆಸರು ಮಾಡಿದರು, ಮೂರನೆಯವನು ಏನೂ ಸಾಧಿಸುವ ಮೊದಲೇ ತೀರಿಕೊಂಡ. ಎರಡು ದೊಡ್ಡ ದಳ, ಒಂದು ಚಿಕ್ಕ ದಳ: ಲಿನ್ನೇಯಸ್ಸನೇ ಕೊಟ್ಟ ವಿವರಣೆ ಇದು. ಬಸವನಪಾದದ ಎಲೆ ನಡುವೆ ಸೀಳಿ ಎರಡು ಹಾಳೆಯಾಗಿರುವುದಕ್ಕೆ ಬೌಹಿನ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞ ಅಣ್ಣತಮ್ಮಂದಿರ ನೆನಪಿನಲ್ಲಿ ಬೌಹಿನಿಯಾ ಎಂದ.

ಸೇಡಿನ ಉದಾಹರಣೆಗೆ ಸೀಗೆಸ್‌ಬೆಕ್. ಲಿನ್ನೇಯಸ್ ಕೇಸರಗಳನ್ನು ಎಣಿಸಿ ಗಿಡಗಳನ್ನು ವಿಂಗಡಿಸಿದ್ದನ್ನು ಇವನು ಅಶ್ಲೀಲವೆಂದು ಹಳಿದ. ಅಂಟಂಟು ಹೂವಿನ, ಚೆಲುವಿಲ್ಲದ ಒಂದು ಕಳೆಗೆ ಇಂದಿಗೂ ಸೀಗೆಸ್‌ಬೆಕಿಯಾ ಎಂದೇ ಹೆಸರು. ಹಗೆ ತೀರಿಸಲೆಂದೇ ಇಟ್ಟದ್ದು ಎಂದು ಪ್ರತೀತಿ.

ನಮ್ಮ ಕಡೆಯ ಉದಾಹರಣೆ ಸೌಮ್ಯವಾದದ್ದು. ಮುಂಗಾರು ಹಿಡಿದ ರಾತ್ರಿ ಪಶ್ಚಿಮಘಟ್ಟದ ಪೊದೆಗಳಿಂದ ಟಿಕ್ ಟಿಕ್ ಎನ್ನುವ ಪುಟ್ಟ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ರಾವೊರ್ಕೆಸ್ಟಿಸ್ ಎಂದು ಹೆಸರಿಟ್ಟರು. ಆ ‘ರಾವ್’ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್. ಇಲ್ಲಿನ ಕಪ್ಪೆಗಳನ್ನು ಶ್ರದ್ಧೆಯಿಂದ ವಿವರಿಸಿದವರು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು.

ಏಳನೆಯದು: ದ್ವಂದ್ವ ವರ್ಗ

ಸೂತ್ರ: ಪಾಲು ಇತ್ಯರ್ಥವಾಗದಿದ್ದರೆ ಸಮಾಸ.

ಷಾರ್ಕೋ-ಮಾರೀ-ಟೂತ್ ಕಾಯಿಲೆ ಹಲ್ಲಿನದಲ್ಲ, ಕಾಲಿನ ನರಗಳದು. ಟೂತ್ ಎಂಬುದು ಮೂರನೇ ವೈದ್ಯನ ಮನೆತನದ ಹೆಸರು. ಕೆಲವೆಡೆ ಸಮಾಸಕ್ಕೂ ಒಪ್ಪದೆ ದೇಶಗಳೇ ಪಾಲಾಗಿವೆ. ಥೈರಾಯಿಡ್ ಕೆರಳಿ ಕಣ್ಣು ಮುಂದೆ ಬರುವ ಕಾಯಿಲೆ ಇಂಗ್ಲಿಷ್ ಬಲ್ಲವರಿಗೆ ಗ್ರೇವ್ಸ್, ಜರ್ಮನರಿಗೆ ಬಾಸೆಡೋ. ಇಬ್ಬರಿಗಿಂತ ಮುಂಚೆ ಕಂಡಿದ್ದ ಕೇಲಬ್ ಪ್ಯಾರಿಯ ಬರಹ ಅಚ್ಚಾದದ್ದು ಅವನು ಸತ್ತ ಮೇಲೆ. ಅವನು ಪಂಗನಾಮ ವರ್ಗಕ್ಕೆ ವರ್ಗಾವಣೆಯಾದ.

ಎಂಟನೆಯದು: ಲೀನ ವರ್ಗ

ಸೂತ್ರ: ಹೆಸರು ಕರಗಿ ಕ್ರಿಯಾಪದವಾದರೆ, ಇಲ್ಲವೇ ಅಳತೆಯಾದರೆ, ಮುಕ್ತಿ.

ಹಾಲಿನ ಪ್ಯಾಕೆಟ್ಟಿನ ಮೇಲೆ ‘ಪಾಶ್ಚರೀಕರಿಸಿದ’ ಎಂದು ಓದುವಾಗ ಲೂಯಿ ಪಾಶ್ಚರನನ್ನು ನೆನೆಯುವವರಿಲ್ಲ. ಡೀಸೆಲ್ ಹಾಕಿಸುವಾಗ 1913ರಲ್ಲಿ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ ರುಡಾಲ್ಫ್ ಡೀಸೆಲ್‌ನನ್ನೂ. ಕೆಲ್ವಿನ್ ಎಂಬುದು ಉಷ್ಣತೆಯ ಮಾನ. ವಿಲಿಯಂ ಥಾಮ್ಸನ್‌ಗೆ ಬಂದ ಬಿರುದು. ಆ ಬಿರುದು ಗ್ಲಾಸ್ಗೋ ವಿಶ್ವವಿದ್ಯಾಲಯದ ಪಕ್ಕದಲ್ಲಿ ಹರಿಯುವ ನದಿಯ ಹೆಸರು. ಅಳತೆಯ ಲೋಕದಲ್ಲಿ ಹರಿಯುತ್ತಿರುವುದು ವ್ಯಕ್ತಿಯಲ್ಲ, ನದಿ.

ಒಂಬತ್ತನೆಯದು: ಮಿಥ್ಯಾ ವರ್ಗ

ಸೂತ್ರ: ಇಲ್ಲದವರಿಗೂ ಅಂಕಿತ ಉಂಟು.

ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಅಕಿಲಿಸ್ ಎಂಬ ಗ್ರೀಕ್ ಪುರಾಣವೀರನದು. ಕಾಯಿಲೆ ನಟಿಸುತ್ತ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರ ತೊಂದರೆಗೆ ರಿಚರ್ಡ್ ಆಷರ್ 1951ರಲ್ಲಿ ಮಂಚಾಸನ್ ಎಂದು ಹೆಸರಿಟ್ಟ; ಬುರುಡೆಕತೆಗಳ ನಾಯಕನ ಹೆಸರದು. ಎಲ್ಲಕ್ಕೂ ಮಿಗಿಲಾದವನು ಕ್ಲಾಡ್ ಲೀಟರ್. ಮೂಲಮಾನಗಳಲ್ಲಿ ವ್ಯಕ್ತಿಯ ಹೆಸರಿನದಕ್ಕೆ ಮಾತ್ರ ದೊಡ್ಡಕ್ಷರದ ಸಂಕೇತ ಎಂಬ ನಿಯಮವಿದೆ. ಲೀಟರಿಗೂ ದೊಡ್ಡಕ್ಷರ ಬೇಕೆಂಬ ಚರ್ಚೆ ಎದ್ದಾಗ, 1978ರಲ್ಲಿ ಕೆನಡಾದ ಕೆನೆತ್ ವೂಲ್ನರ್ ಎಂಬ ಪ್ರಾಧ್ಯಾಪಕ ವೈನ್ ಬಾಟಲಿ ತಯಾರಕನ ಮಗನಾಗಿ ‘ಲೀಟರ್’ ಎಂಬ ವಿಜ್ಞಾನಿಯನ್ನು ಸೃಷ್ಟಿಸಿ ಜೀವನಚರಿತ್ರೆ ಬರೆದ. ಏಪ್ರಿಲ್ ಫೂಲಿನ ಹಾಸ್ಯವನ್ನು ನಿಜವೆಂದು ನಂಬಿ ಉಲ್ಲೇಖಿಸಿದವರೂ ಸಿಕ್ಕರು.

ಹತ್ತನೆಯದು: ಪದಚ್ಯುತ ವರ್ಗ

ಸೂತ್ರ: ಇಟ್ಟ ಹೆಸರನ್ನು ಕಿತ್ತುಕೊಳ್ಳಲೂ ಬರುತ್ತದೆ.

ಕೀಲುವಾತದ ಒಂದು ಬಗೆಗೆ ಹೆಸರಾಗಿದ್ದ ಹಾನ್ಸ್ ರೈಟರ್, ನಾಜಿ ಸೆರೆಶಿಬಿರದಲ್ಲಿ ಕೈದಿಗಳ ಮೇಲೆ ನಡೆದ ಟೈಫಸ್ ಪ್ರಯೋಗಗಳಲ್ಲಿ ಭಾಗಿ. ಅವನ ಹೆಸರು ತೆಗೆದು ಕಾಯಿಲೆಯ ಲಕ್ಷಣ ಹೇಳುವ ಹೆಸರು ತಂದರು. ನಾಜಿ ಪಕ್ಷದಲ್ಲಿದ್ದ ಫ್ರೀಡ್ರಿಕ್ ವೆಗೆನರ್‌ನ ಹೆಸರನ್ನು 2011ರಲ್ಲಿ ವೈದ್ಯ ಸಂಘಗಳು ಕೈಬಿಟ್ಟವು.

ತಿರುವುಮುರುವು ಉದಾಹರಣೆಯೂ ಉಂಟು. ಕುಷ್ಠ ಎಂಬ ಮಾತಿಗೆ ಅಂಟಿದ ಅವಮಾನ ತಪ್ಪಿಸಲು ಆ ಕಾಯಿಲೆಯನ್ನು ಹ್ಯಾನ್ಸನ್ ಕಾಯಿಲೆ ಎನ್ನುತ್ತಾರೆ. 1873ರಲ್ಲಿ ಅದರ ಜೀವಾಣುವನ್ನು ಕಂಡವನು ನಾರ್ವೆಯ ಆರ್ಮವರ್ ಹ್ಯಾನ್ಸನ್. ಹೆಸರು ರೋಗಿಗಳ ಮಾನ ಕಾಯಿತು. ಆ ಹ್ಯಾನ್ಸನ್ನೇ ಒಪ್ಪಿಗೆ ಕೇಳದೆ ರೋಗಿ ಮಹಿಳೆಯೊಬ್ಬಳ ಕಣ್ಣಿಗೆ ಸೋಂಕಿನ ಪದಾರ್ಥ ಚುಚ್ಚಿ, 1880ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಆಸ್ಪತ್ರೆಯ ಹುದ್ದೆ ಕಳೆದುಕೊಂಡ. ಯಾವ ಹೆಸರನ್ನೂ ಕೊಳೆಯಿಲ್ಲದ್ದೆಂದು ಮುದ್ರೆ ಒತ್ತಿ ಕೊಡಲಾಗದು.

ಈ ರಗಳೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು: ಹೊಸ ಕಾಯಿಲೆಗೆ ವ್ಯಕ್ತಿಯ ಹೆಸರು, ಊರಿನ ಹೆಸರು, ಪ್ರಾಣಿಯ ಹೆಸರು ಇಡಬೇಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಜ್ವರ ಇದನ್ನು ಎರಡು ಭಾಷೆಯಲ್ಲಿ ಎರಡು ಸಲ ಮುರಿದಿದೆ. ವೈದ್ಯರಿಗೆ ಅದು ಕ್ಯಾಸನೂರು ಕಾಡಿನ ಕಾಯಿಲೆ, ಊರವರಿಗೆ ಮಂಗನ ಕಾಯಿಲೆ. ಕಚ್ಚಿ ಹರಡುವ ಉಣ್ಣಿಗೆ ಮಾತ್ರ ಯಾವ ಹೆಸರಿನಲ್ಲೂ ಪಾಲಿಲ್ಲ.

ಫಲಶ್ರುತಿ

ಹತ್ತು ವರ್ಗಗಳನ್ನು ದಾಟಿದ ಮೇಲೆ ತೀರ್ಪು ಇಷ್ಟೇ: ಹೆಸರು ಶೋಧದ ರಸೀದಿಯಲ್ಲ. ಇಟ್ಟ ದಿನ ಯಾರ ಮಾತು ನಡೆಯುತ್ತಿತ್ತು, ಯಾರು ನೆನಪಾದರು, ಯಾರು ಎದುರಿಗಿರಲಿಲ್ಲ ಎಂಬುದರ ದಾಖಲೆ ಅದು. ಹೆಸರುಗಳನ್ನೆಲ್ಲ ಕಿತ್ತುಹಾಕುವ ಅಗತ್ಯವಿಲ್ಲ. ಅವಿಲ್ಲದಿದ್ದರೆ ಕ್ರಿಸ್ಟಿಯನ್ನೋ ಸ್ಮಿತ್‌ನನ್ನೋ ಹುಡುಕಿ ಹೊರಡಲು ನಮಗೆ ದಾರಿಯೂ ಇರುತ್ತಿರಲಿಲ್ಲ.

ಓದುಗರಲ್ಲಿ ಒಂದೇ ಅರಿಕೆ. ಡಾಕ್ಟರು ನಿಮ್ಮ ಕಾಯಿಲೆಗೆ ಯಾರದೋ ಹೆಸರು ಹೇಳಿದರೆ ಅಲ್ಲಿಗೇ ತಲೆಯಾಡಿಸಿ ಎದ್ದು ಬರಬೇಡಿ. ‘ಮೈಯಲ್ಲಿ ಎಲ್ಲಿ ಏನು ಕೆಟ್ಟಿದೆ, ಮುಂದೆ ಏನು ಮಾಡಬೇಕು?’ ಎಂದು ಕೇಳಿ. ಗ್ರೇವ್ಸ್ ಯಾರೆಂದು ತಿಳಿಯದಿದ್ದರೂ ನಡೆಯುತ್ತದೆ. ಕೆಟ್ಟಿರುವುದು ಥೈರಾಯಿಡ್ ಎಂಬುದು ತಿಳಿದಿರಲೇಬೇಕು.